ಬಾಗಿದ ಮರದ ಈಚೆಗೆ

ಡಿಸೆಂಬರ್ 11, ಶುಕ್ರವಾರ

ಕೋಲಕ್ಕ,

ಮೂರು ಗಂಟೆ ಇಪ್ಪತ್ತು ನಿಮಿಷ. ಗುಬ್ಬಿ ಕೆಮ್ಮಿದಳು, ಒಂದೇ ಒಂದು ಸಲ, ಒಣಕಡ್ಡಿ ಮುರಿದ ಹಾಗೆ. ಅಷ್ಟಕ್ಕೇ ನಾನು ಎದ್ದು ಕೂತೆ. ಅವಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದಳು, ನನಗಾಗಲಿಲ್ಲ. ಅವಳು ಹುಟ್ಟಿ ಒಂಬತ್ತು ತಿಂಗಳಾಯಿತು, ಅಂದಿನಿಂದ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ನನಗೆ ಎಚ್ಚರ. "ನಿನ್ನನ್ನ ಬ್ಯಾಂಕಿಗೆ ಕಾವಲಿಗೆ ಹಾಕಬಹುದು ನೋಡು, ನಾಯಿ ಖರ್ಚೂ ಉಳಿಯತ್ತೆ" ಅನ್ನುತ್ತಾರೆ ಅತ್ತೆ.

ವಿಷಯ ನಿನಗೆ ಗೊತ್ತೇ ಇದೆ. ನಿನ್ನೂರಿಂದ ವಾಪಸ್ ಬಂದ ಮಾರನೇ ರಾತ್ರಿ ಗುಬ್ಬಿಗೆ ಜ್ವರ ಏರಿ ಎದೆ ಗೊರಗೊರ ಅನ್ನತೊಡಗಿತು. ಎಂಟು ದಿನ ಆಸ್ಪತ್ರೆ, ಈಗ ಮನೆಗೆ ಬಂದಿದ್ದೇವೆ. ನೀನು ಮನೆಗೆ ಫೋನ್ ಮಾಡಿದಾಗ ಅತ್ತೆ ಎಲ್ಲಾ ಹೇಳಿದರಂತೆ, ಯಾವ ಆಸ್ಪತ್ರೆ, ಯಾವ ವಾರ್ಡು ಅಂತ ಕೂಡ ಕೇಳಿಕೊಂಡೆಯಂತೆ. ನಾನು ದಿನಾ ಬಾಗಿಲು ನೋಡಿದೆ. ನೀನು ಬರಲಿಲ್ಲ. ಇರಲಿ, ಸ್ಕೂಲಿಗೆ ರಜೆ ಸಿಕ್ಕಿರಲಾರದು.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಮೂರನೇ ದಿನ ಡಾಕ್ಟರಮ್ಮ ಬಂದವರೇ, "ಮಗು ಎಲ್ಲಾದರೂ ಹೊಳೆ ನೀರು ಕುಡಿದಿತ್ತೇನಮ್ಮಾ?" ಅಂದರು. ಇಲ್ಲ ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಔಷಧಿ ಬದಲಾಯಿಸಿದರು. ಆಮೇಲೇ ಜ್ವರ ಇಳಿದದ್ದು. ಅತ್ತೆ ಅವತ್ತಿಂದ ನನ್ನನ್ನು ನೋಡುವ ರೀತಿಯೇ ಬೇರೆ.

ನಾವು ಹೊಳೆ ಕಡೆ ನಡೆದ ಆ ಭಾನುವಾರವನ್ನು ಎಷ್ಟು ಸಲ ನೆನೆಸಿಕೊಂಡೆನೋ. ಮಂಜಿನಲ್ಲಿ ಇಟ್ಟಿಗೆ ಗೂಡಿನ ಚಿಮಣಿ ಮಾತ್ರ ಕಾಣುತ್ತಿತ್ತು, ಕಾಲೇ ಇಲ್ಲದೆ ನಿಂತ ಹಾಗೆ. ನೀನು ಗುಬ್ಬಿಯನ್ನು ಎದೆಗೆ ಕಟ್ಟಿಕೊಂಡು ಮುಂದೆ. ನಾನು ಪುಸ್ತಕ ಹಿಡಿದು ಹೆಜ್ಜೆ ಎಣಿಸುತ್ತಾ ಹಿಂದೆ. ಸರ್ವೆ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮನ್ನು ಜೋಡಿ ಮಾಡಿದಾಗಿನಿಂದ ನೀನು ಅಳತೆಯ ಕೋಲು, ನಾನು ಅಳತೆ ಬರೆಯುವ ಪುಸ್ತಕ. ಅವತ್ತು ಮಗು ನಿನ್ನ ಹತ್ತಿರ ಇತ್ತೆಂದು ಕೋಲೂ ನನ್ನ ಪಾಲಿಗೆ ಬಂತು, ಅಷ್ಟೇ ವ್ಯತ್ಯಾಸ. ಹೊಳೆ ದಾಟಿ ನೋಡಿ, ಮತ್ತೆ ಈ ದಡಕ್ಕೆ ವಾಪಸ್ ಬಂದು ಬಾಗಿದ ಮರದ ಕೆಳಗೆ ಕಿತ್ತಳೆ ಸುಲಿದದ್ದು ನೆನಪಿದೆ. ಆಮೇಲೆ ಮರಕ್ಕೆ ಒರಗಿದೆ, ನಿದ್ದೆ ಹೋದೆ. ಎದ್ದಾಗ ಗುಬ್ಬಿಯ ಮೈಮೇಲೆ ಬೇರೆ ಬಟ್ಟೆ, ಮೇಲೆ ನಿನ್ನ ಸ್ವೆಟರ್. "ಹಾಲು ಕಕ್ಕಿದಳು, ಬದಲಾಯಿಸಿದೆ" ಅಂದೆ ನೀನು.

ನಾನು ಮಲಗಿದ್ದಾಗ ಏನಾದರೂ ಆಯಿತಾ? ಹೇಳು. ಬೈಯುವುದಿಲ್ಲ.

ನಿನ್ನ
ಪುಸ್ತಕಮ್ಮ


ಡಿಸೆಂಬರ್ 16

ಪುಸ್ತಕಮ್ಮ,

ಗುಬ್ಬಿ ಮನೆಗೆ ಬಂದಳು ಅನ್ನೋದನ್ನ ಓದಿ ನನ್ನ ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಯಾರೋ ಸತ್ತರು ಅಂದುಕೊಂಡರು. ಡ್ರಾಯಿಂಗ್ ಮೇಷ್ಟ್ರು ಟೀ ತರಿಸಿ, ಎಲ್ಲಾ ಆದಮೇಲೆ "ಕಾರಣ ಏನು ಮೇಡಂ?" ಅಂದರು. ಸಂತೋಷ ಅಂದೆ. ಟೀ ವಾಪಸ್ ಕೇಳೋ ಮುಖ ಮಾಡಿದರು.

ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಕಣೇ. ಅವತ್ತು ಏನೂ ಆಗಲಿಲ್ಲ. ನೀನು ಮಲಗಿದ್ದೆ, ಅವಳೂ ಮಲಗಿದ್ದಳು, ನಾನು ನಿಮ್ಮಿಬ್ಬರನ್ನೂ ನೋಡ್ತಾ ನಿಮ್ಮ ಪಾಲಿನ ಕಿತ್ತಳೆಯನ್ನೂ ತಿಂದೆ. ಚಳಿಗಾಲ, ಮಂಜು, ಮಕ್ಕಳಿಗೆ ನೆಗಡಿ ಹಿಡಿಯುತ್ತೆ. ಡಾಕ್ಟರುಗಳು ಸಾವಿರ ಕೇಳ್ತಾರೆ, ಎಲ್ಲದಕ್ಕೂ ಅರ್ಥ ಹುಡುಕಬೇಡ. ರಾತ್ರಿ ನಿದ್ದೆ ಮಾಡು. ನನಗೋಸ್ಕರ ಮಾಡು.

ಈಗ ನನ್ನ ಸ್ವಾರ್ಥ. ಜನವರಿ ಕೊನೆಯಲ್ಲಿ ಐದನೇ ಕ್ಲಾಸಿನ ಹುಡುಗಿಯರನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋಗಬೇಕು ಅಂತಿದ್ದೀನಿ. ಹೆಡ್‌ಮಿಸ್ಸು ಅರ್ಧ ಒಪ್ಪಿದ್ದಾರೆ. "ಹೊಳೆ ತೋರಿಸೋಕೆ ಹೊಳೆಗೇ ಹೋಗ್ಬೇಕಾ? ಪುಸ್ತಕದಲ್ಲಿ ನೀಲಿ ಗೆರೆ ಇದೆಯಲ್ಲ" ಅಂದರು. ಇದು ಸರಿಯಾಗಿ ನಡೆದರೆ ನನ್ನ ಕೆಲಸ ಕಾಯಂ ಮಾಡ್ತಾರಂತೆ. ಆ ದಿನದ ನಿನ್ನ ಪುಟ ಕಳಿಸ್ತೀಯಾ? ಹೊಳೆ ದಾಟುವ ಕಲ್ಲುಗಳು ನೀರಿನೊಳಗೇ ಇರೋದು, ಕಣ್ಣಿಗೆ ಕಾಣಲ್ಲ. ನನಗೆ ಜಾಗ ಸರಿಯಾಗಿ ನೆನಪಿಲ್ಲ. ಮಕ್ಕಳಿಗಿಂತ ಮೊದಲು ನಾನೊಬ್ಬಳೇ ಹೋಗಿ ದಾಟಿ ನೋಡಿ ಬರ್ತೀನಿ.

ಫೋನ್ ಮಾಡೋದಾದರೆ ರಾತ್ರಿ ಎಂಟರೊಳಗೆ ಮಾಡು. ಯಾರೋ ಪೋಲಿ ರಾತ್ರಿ ಹೊತ್ತು ಫೋನ್ ಮಾಡಿ ಸೀಟಿ ಹೊಡೀತಾನಂತೆ, ಅದಕ್ಕೆ ನಮ್ಮ ಮನೆಯೊಡತಿ ಎಂಟಾದ ಕೂಡಲೇ ರಿಸೀವರ್ ಕೆಳಗಿಳಿಸಿ ಮೇಲೆ ದಿಂಬು ಇಡ್ತಾರೆ. ಸೀಟಿ ಉಸಿರುಗಟ್ಟಿ ಸಾಯಲಿ ಅಂತಿರಬೇಕು.

ಕೋಲಕ್ಕ


ಡಿಸೆಂಬರ್ 19, ಬೆಳಗಿನ ಜಾವ

ಇದನ್ನು ನಿನಗೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀನೂ ನೋಡಿಕೊಂಡೆ. "ಏನೂ ಆಗಲಿಲ್ಲ" ಅನ್ನೋದಕ್ಕೆ ಅಷ್ಟು ಸಾಲು ಯಾಕೆ ಬೇಕು? ಅವಳೂ ಮಲಗಿದ್ದಳು ಅಂತ ಬರೆದೆ. ಮಲಗಿದ್ದ ಮಗು ಹಾಲು ಕಕ್ಕಿ ಬಟ್ಟೆ ಬದಲಾಯಿಸಿಕೊಂಡಿತೇನು?

ನೀನು ಕೇಳಿದ ಪುಟ ತೆಗೆಯೋಣ ಅಂತ ನಿನ್ನೆ ಅವತ್ತಿನ ಚೀಲ ಇಳಿಸಿದೆ. ಆಸ್ಪತ್ರೆ ಓಡಾಟದಲ್ಲಿ ಅದನ್ನು ಅಟ್ಟದ ಮೇಲೆ ಎಸೆದಿದ್ದೆ. ಪಕ್ಕದ ಜೇಬಿನಲ್ಲಿ ಗುಬ್ಬಿಯ ಒಂದು ಕಾಲುಚೀಲ. ಕೆಸರು ಒಣಗಿ ಸಣ್ಣ ಹಪ್ಪಳದ ಹಾಗೆ ಬಿರುಸಾಗಿತ್ತು. ಬಿಡಿಸಿದರೆ ಒಳಗೆ ಪಾಚಿ. ಮೂಸಿ ನೋಡಿದೆ. ಹಾಲಿನ ವಾಸನೆ ಇಲ್ಲ, ಹೊಳೆಯ ವಾಸನೆ.

ನನಗೆ ಈಗ ಎಲ್ಲಾ ಕಾಣುತ್ತಿದೆ. ನಾನು ಕಣ್ಣು ಮುಚ್ಚಿದ ಕೂಡಲೇ ನಿನಗೆ ಆಟ ಬೇಕಾಯಿತು. "ಬಾರೇ ಗುಬ್ಬಿ, ನೀರು ನೋಡೋಣ" ಅಂತ ಎತ್ತಿಕೊಂಡು ಹೋಗಿ, ನವೆಂಬರಿನ ನೀರಿನಲ್ಲಿ ಅವಳ ಕಾಲು ಅದ್ದಿ ನಗಿಸಿದೆ. ಜಾರಿದಳು, ನೀರು ಕುಡಿದಳು. ಒರೆಸಿದೆ, ನಿನ್ನ ಸ್ವೆಟರ್ ಸುತ್ತಿದೆ, ನನಗೆ ಹಾಲಿನ ಕಥೆ ಹೇಳಿದೆ. ಬೇರೆಯವರ ಮಗು ಅಂದರೆ ನಿನಗೆ ಆಟದ ಸಾಮಾನು. ಆಡಿ ವಾಪಸ್ ಕೊಡಬಹುದು, ಕೆಟ್ಟರೆ ಅವರು ರಿಪೇರಿ ಮಾಡಿಸಿಕೊಳ್ಳುತ್ತಾರೆ.

ಎಂಟು ದಿನ ನಾನು ಏನು ನೋಡಿದೆ ಗೊತ್ತಾ ನಿನಗೆ? ಅವಳ ಕೈಯಲ್ಲಿ ನರ ಸಿಗದೆ ತಲೆಯಲ್ಲಿ ಸೂಜಿ ಚುಚ್ಚಿದರು. ಇವರು ಗೂಡ್ಸ್ ಗಾಡಿಯ ಮೇಲೆ ಎಲ್ಲೋ ಇದ್ದರು, ಗಾರ್ಡಿಗೆ ಮಗಳ ಜ್ವರ ಅಂತ ಗಾಡಿ ನಿಲ್ಲಿಸಲು ಬರುವುದಿಲ್ಲ. ಪಕ್ಕದಲ್ಲಿ ಅತ್ತೆ. "ಹೊಸ ತಾಯಂದಿರಿಗೆ ಪಿಕ್‌ನಿಕ್ಕು ಬೇಕು. ನಮ್ಮ ಕಾಲದಲ್ಲಿ ಬಚ್ಚಲಿಗೆ ಹೋಗೋಕೂ ಪುರುಸೊತ್ತಿರಲಿಲ್ಲ." ಆ ಮಾತು ನಾನು ನಿನ್ನ ಪಾಲಿಗೆ ತಿಂದೆ. ಇನ್ನೂ ಊಟದ ಜೊತೆ ದಿನಾ ತಿನ್ನುತ್ತಿದ್ದೇನೆ. ನೀನು ಅಲ್ಲಿ ಟೀ ಕುಡಿದು ಜೋಕು ಬರೆಯುತ್ತೀಯ.

ಉಪ್ಪು ತಿಂದವರು ನೀರು ಕುಡಿಯಬೇಕು ಕೋಲಕ್ಕ. ಅದೇ ಹೊಳೆಯ ನೀರು.

ಪುಟ ನನ್ನ ಮುಂದೆ ಇದೆ. ನಮ್ಮ ಪದ್ಧತಿಯ ಹಾಗೆ ಕೆಳಗಿನಿಂದ ಮೇಲಕ್ಕೆ ಬರೆದದ್ದು, ನಡೆಯುವವರ ಮುಂದೆ ಇರುವುದು ಪುಟದಲ್ಲೂ ಮುಂದೆ ಇರಲಿ ಅಂತ. ಎಲ್ಲಕ್ಕಿಂತ ಕೆಳಗೆ ಇಟ್ಟಿಗೆ ಗೂಡು. ಅದರ ಮೇಲಿನ ಸಾಲು, ಮುನ್ನೂರು ಹೆಜ್ಜೆಗೆ ಬಾಗಿದ ಮರ. ಅದರ ಮೇಲೆ, ನೂರ ನಲವತ್ತು ಹೆಜ್ಜೆಗೆ ದಾಟುವ ಕಲ್ಲುಗಳು. ಹೊಸ ಹಾಳೆ ತೆಗೆದುಕೊಂಡು ಇದನ್ನು ಅಂದವಾಗಿ ನಕಲು ಮಾಡುತ್ತೇನೆ. ಎರಡು ಸಾಲು ಮಾತ್ರ ಅದಲುಬದಲು. ಮೊದಲು ಕಲ್ಲುಗಳು, ಆಮೇಲೆ ಮರ. ಮರದ ಆಚೆಗಿರುವ ದಾಟುವ ಜಾಗ ಈಚೆಗೆ ಬರುತ್ತದೆ.

ಈಚೆಗೆ ಏನಿದೆ ಅಂತ ನಿನಗೆ ಗೊತ್ತಿಲ್ಲ, ನೀನು ಮುಂದೆ ಹೋಗಿಯಾಗಿತ್ತು. ಹೊಳೆಯ ಅಂಚಿನಲ್ಲೇ ಇಟ್ಟಿಗೆಯವರು ಮಣ್ಣು ತೆಗೆದ ಗುಂಡಿ, ಹೊಳೆ ನೀರು ತುಂಬಿಕೊಂಡದ್ದು. ಮೇಲೆ ಹಸಿರು ಪಾಚಿ, ನೋಡಿದರೆ ಮೊಣಕಾಲುದ್ದವೂ ಇಲ್ಲ ಅನಿಸುತ್ತದೆ. ನಾನು ಕೋಲು ಇಳಿಸಿ ನೋಡಿದೆ, ಅರ್ಧಕ್ಕಿಂತ ಹೆಚ್ಚು ಹೋಯಿತು. ನಿನಗೆ ಸೊಂಟದವರೆಗೆ ಬರಬಹುದು. ಕೆಳಗೆ ಕೆಸರು, ಕಾಲು ಬೇಗ ಬಿಡುವುದಿಲ್ಲ. ನಿನಗೆ ಈಜು ಬರುತ್ತದೆ, ಸಾಯುವುದಿಲ್ಲ. ಜನವರಿಯ ಬೆಳಿಗ್ಗೆ ಸುತ್ತ ಯಾರೂ ಇಲ್ಲದ ಕಡೆ ಚಳಿಗೆ ಹಲ್ಲು ಕಟಕಟ ಅನ್ನುತ್ತಾ ನಿಲ್ಲು. ಎಂಟು ದಿನ ಕೆಮ್ಮು. ಹೆಡ್‌ಮಿಸ್ಸಿಗೆ ಕಾರಣ ಹೇಳು. ಆಮೇಲೆ ನಾನೂ ಒಂದು ಕಾಗದ ಬರೆಯುತ್ತೇನೆ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಕಣೇ, ಚಳಿಗಾಲ, ನೆಗಡಿ ಹಿಡಿಯುತ್ತೆ, ಅಂತ.

ಇಷ್ಟು ಬರೆದ ಮೇಲೆ ತಿಂಗಳಲ್ಲಿ ಮೊದಲ ಸಲ ಎದೆ ಹಗುರವಾಗಿದೆ. ನಿದ್ದೆ ಬರುವ ಹಾಗಿದೆ.


ಡಿಸೆಂಬರ್ 21

ಪ್ರೀತಿಯ ಕೋಲಕ್ಕ,

ನಿನ್ನ ಕಾಗದ ಓದಿ ಸಮಾಧಾನವಾಯಿತು. ನೀನು ಹೇಳಿದ್ದು ಸರಿ, ನಾನು ಇಲ್ಲದ್ದನ್ನು ಊಹಿಸಿಕೊಳ್ಳುತ್ತೇನೆ. ನಿದ್ದೆಗೆಟ್ಟ ತಲೆ. ಮಗುವನ್ನು ನಿನ್ನ ಹತ್ತಿರ ಬಿಟ್ಟರೆ ನನ್ನ ಹತ್ತಿರ ಇರುವುದಕ್ಕಿಂತ ಹೆಚ್ಚು ಜೋಪಾನ ಅಂತ ನನಗೆ ಗೊತ್ತಿಲ್ಲವೇ?

ಪುಟ ಜೊತೆಗಿದೆ. ಮೂಲ ಹಾಳೆಗೆ ಕಿತ್ತಳೆ ರಸ ಬಿದ್ದಿತ್ತು, ಅದಕ್ಕೆ ಹೊಸದಾಗಿ ಬರೆದಿದ್ದೇನೆ. ಎಂದಿನ ಹಾಗೆ ಕೆಳಗಿನಿಂದ ಮೇಲಕ್ಕೆ ಓದು. ಮಂಜಿದ್ದರೆ ಮೇಷ್ಟ್ರ ಮಾತು ಮರೆಯಬೇಡ, "ಕಣ್ಣಿಗೂ ಪುಸ್ತಕಕ್ಕೂ ಜಗಳ ಬಂದರೆ ಪುಸ್ತಕದ ಕಡೆ ನಿಲ್ಲಿ."

ಒಬ್ಬಳೇ ಮೊದಲು ಹೋಗಿ ನೋಡುವುದು ಒಳ್ಳೆಯದು. ಬೆಳಿಗ್ಗೆ ಬೇಗ ಹೋಗು, ಹೊಳೆ ಆಗ ಚೆನ್ನಾಗಿರುತ್ತದೆ. ಬದಲಿ ಬಟ್ಟೆ ಹೊತ್ತುಕೊಂಡು ಹೋಗಬೇಡ, ಭಾರ. ಕಾಲುಚೀಲ ಒದ್ದೆಯಾದರೆ ಆಯಿತು, ಒಣಗುತ್ತದೆ.

ಗುಬ್ಬಿ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಹೋಗಿ ಬಂದು ಹೇಗಿತ್ತು ಅಂತ ತಪ್ಪದೆ ಬರಿ. ಕಾಯುತ್ತಿರುತ್ತೇನೆ.

ಪುಸ್ತಕಮ್ಮ


ಜನವರಿ 6, ಬುಧವಾರ

ಪುಸ್ತಕಮ್ಮ,

ನಿನ್ನ ಕಾಗದ ಹದಿನೈದು ದಿನದಿಂದ ನನ್ನ ಮೇಜಿನ ಮೇಲಿದೆ. ಅದರಲ್ಲೊಂದು ಸಾಲು ಗಂಟಲಲ್ಲಿ ಮುಳ್ಳಾಗಿದೆ. ನಿನ್ನ ಹತ್ತಿರ ಇರೋದಕ್ಕಿಂತ ನನ್ನ ಹತ್ತಿರ ಜೋಪಾನ ಅಂತ ಬರೆದೆಯಲ್ಲ, ಅದು. ನೀನು ಹಾಗೆ ಬರೆಯದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರ್ತಿದ್ದೆ. ಇಷ್ಟು ನಂಬೋರಿಗೆ ಸುಳ್ಳು ಹೇಳಿಕೊಂಡು ಎಷ್ಟು ದಿನ ಇರಲಿ?

ಗುಬ್ಬಿ ನೀರಿಗೆ ಬಿದ್ದಳು.

ನೀನು ಮರಕ್ಕೆ ಒರಗಿ ಕೂತಿದ್ದೆ, ಅವಳು ನಿನ್ನ ತೊಡೆ ಮೇಲಿದ್ದಳು. ನಾನು ನಕ್ಷೆ ಬಿಡಿಸಿಕೊಂಡು ಅತ್ತ ತಿರುಗಿದ್ದೆ, ಎರಡು ನಿಮಿಷ. ನಿನ್ನ ಕೈ ಸಡಿಲವಾಗಿರಬೇಕು. ಪುಳಕ್ ಅಂತ ಸದ್ದಾಯಿತು. ತಿರುಗಿದರೆ ನಿನ್ನ ತೊಡೆ ಖಾಲಿ. ಅವಳು ಇಳಿಜಾರಿನಲ್ಲಿ ಉರುಳಿ ದಡದ ನೀರಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದಳು. ಹಾರಿ ಎತ್ತಿದೆ, ಐದಾರು ಎಣಿಸೋದರೊಳಗೆ. ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದೆ, ನೀರು ಬಂತು. ಆಮೇಲೆ ಕಿರುಚಿ ಅತ್ತಳು. ಆಚೆ ದಡದ ಹಕ್ಕಿಗಳೆಲ್ಲ ಎದ್ದು ಹೋದವು.

ನೀನು ಏಳಲಿಲ್ಲ.

ಇದನ್ನೇ ಕಣೇ ನನಗೆ ಹೇಳೋಕೆ ಆಗದೆ ಹೋದದ್ದು. ನಲ್ಲಿ ತೊಟ್ಟಿಕ್ಕಿದರೆ ಏಳೋ ನೀನು, ನಿನ್ನ ಮಗು ಹತ್ತಡಿ ದೂರದಲ್ಲಿ ಅಷ್ಟು ಅತ್ತರೂ ಏಳಲಿಲ್ಲ. ಬಾಯಿ ತೆರೆದುಕೊಂಡು ಮಲಗಿದ್ದೆ. ಆ ಮುಖ ನೋಡಿದೆ. ಇವಳಿಗೆ ಇದು ಗೊತ್ತಾದರೆ ಇನ್ನು ಜೀವಮಾನದಲ್ಲಿ ಕಣ್ಣು ಮುಚ್ಚಲ್ಲ ಅನ್ನಿಸಿತು. ನಿಮ್ಮ ಅತ್ತೆಗೆ ಗೊತ್ತಾದರೆ ನಿನ್ನನ್ನ ಕಣ್ಣು ಮುಚ್ಚೋಕೂ ಬಿಡಲ್ಲ. ಬಟ್ಟೆ ಬದಲಾಯಿಸಿ, ಒದ್ದೆ ಬಟ್ಟೆಯೆಲ್ಲಾ ನನ್ನ ಚೀಲಕ್ಕೆ ತುರುಕಿದೆ. ಒಂದು ಕಾಲುಚೀಲ ಸಿಗಲೇ ಇಲ್ಲ.

ಜ್ವರ ಅಂತ ಗೊತ್ತಾದಾಗ ನಾನೇ ವಾರ್ಡಿಗೆ ಫೋನ್ ಮಾಡಿ, ಮಗುವಿನ ಚಿಕ್ಕಮ್ಮ ಅಂತ ಹೇಳಿ, ಹೊಳೆ ನೀರು ಕುಡಿದಿದೆ ಅಂತ ಡಾಕ್ಟರಮ್ಮನಿಗೆ ತಿಳಿಸಿದೆ. ತಾಯಿಗೆ ಹೇಳಬೇಡಿ ಅಂದೆ. ನೋಡೋಕೆ ಬರಲಿಲ್ಲ, ಯಾಕೆಂದರೆ ನಿನ್ನ ಮುಖ ಕಂಡರೆ ಎಲ್ಲಾ ಕಕ್ಕಿಬಿಡ್ತಿದ್ದೆ. ನನ್ನದೂ ತಪ್ಪಿದೆ, ನಾನು ಬೆನ್ನು ತಿರುಗಿಸಬಾರದಿತ್ತು. ಬೈಯಬೇಕಾದರೆ ನನ್ನನ್ನ ಬೈಯಿ, ನಿನ್ನನ್ನ ಬೈದುಕೊಳ್ಳಬೇಡ.

ಸರಿ, ಹೇಳಿಬಿಟ್ಟೆ. ಈಗ ಹುಡುಗಿಯರ ವಿಷಯ. ಹೆಡ್‌ಮಿಸ್ಸು ತಾರೀಖು ಮುಂಚೆಯೇ ಇಟ್ಟುಬಿಟ್ಟರು. ಇದೇ ಭಾನುವಾರ, ಹತ್ತನೇ ತಾರೀಖು, ಬೆಳಿಗ್ಗೆ ಐದೂವರೆಗೆ ಬಸ್ಸು. ನನ್ನ ಮನೆ ಬಾಗಿಲಿಂದಲೇ ಹತ್ತಿಸಿಕೊಂಡು ಹೋಗುತ್ತೆ. ಇಪ್ಪತ್ತೆರಡು ಜನ, ಎಲ್ಲರಿಗೂ ಹತ್ತು ವರ್ಷ, ಒಬ್ಬೊಬ್ಬರೂ ಇಬ್ಬರಷ್ಟು ಮಾತಾಡ್ತಾರೆ. ಮೊದಲು ಒಬ್ಬಳೇ ಹೋಗಿ ನೋಡೋಕೆ ಸಮಯವೇ ಸಿಗಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ದಾಟಿಸ್ತೀನಿ, ನಾನು ಕೊನೆಗೆ ಇರ್ತೀನಿ, ಯಾರೂ ಹಿಂದೆ ಉಳಿಯದ ಹಾಗೆ.

ನಗಬೇಡ. ನನ್ನ ನೆನಪಿನಲ್ಲಿ ಕಲ್ಲುಗಳು ಮರದ ಆಚೆಗೆ ಇದ್ದವು. ನಿನ್ನ ಪುಟದಲ್ಲಿ ಈಚೆಗೆ ಇವೆ. ಎರಡು ದಿನ ಯೋಚಿಸಿದೆ. ಆಮೇಲೆ ನನಗೇ ನಗು ಬಂತು. ನಾಲ್ಕು ವರ್ಷದಲ್ಲಿ ನಿನ್ನ ಪುಟ ಒಂದು ಹೆಜ್ಜೆ ತಪ್ಪಿದ್ದುಂಟಾ? ಪುಸ್ತಕದ ಕಡೆ ನಿಂತೆ.

ಕೋಲಕ್ಕ


ಜನವರಿ 9, ಶನಿವಾರ, ರಾತ್ರಿ ಎಂಟೂಕಾಲು

ಕೋಲಕ್ಕ,

ಮಕ್ಕಳನ್ನು ನೀರಿಗೆ ಇಳಿಸಬೇಡ. ಮಿಕ್ಕದ್ದು ಆಮೇಲೆ ಓದು. ನಾನು ಕಳಿಸಿದ ಪುಟ ಸುಳ್ಳು. ಕಲ್ಲುಗಳು ಮರದ ಆಚೆಗೇ ಇರುವುದು, ನಿನ್ನ ಕಣ್ಣೇ ಸರಿ. ಈಚೆಗೆ ಮಣ್ಣು ತೆಗೆದ ಗುಂಡಿ ಇದೆ. ನಿನಗೆ ಸೊಂಟದವರೆಗೆ, ಹತ್ತು ವರ್ಷದ ಹುಡುಗಿಯ ಕಾಲು ಕೆಸರಿನಲ್ಲಿ ಹೂತರೆ ಗಲ್ಲದವರೆಗೆ ಅಥವಾ ಅದಕ್ಕೂ ಮೇಲೆ. ಕೈ ಹಿಡಿದುಕೊಂಡು ಇಳಿದರೆ ಮುಂದಿನವಳು ಹಿಂದಿನವಳನ್ನು ಎಳೆಯುತ್ತಾಳೆ. ನೀನು ಕೊನೆಯಲ್ಲಿರುತ್ತೀಯ.

ತಪ್ಪಾಗಿ ಬರೆದದ್ದಲ್ಲ. ಬೇಕೆಂದೇ ಬರೆದೆ. ಹತ್ತೊಂಬತ್ತನೇ ತಾರೀಖಿನ ಕಾಗದ ಜೊತೆಗಿಟ್ಟಿದ್ದೇನೆ, ಅಂಚೆಗೆ ಹಾಕಲ್ಲ ಅಂದುಕೊಂಡದ್ದು. ಕೆಸರಿನ ಕಾಲುಚೀಲ ನನ್ನ ಚೀಲದ ಜೇಬಿನಲ್ಲಿ ಸಿಕ್ಕಿತ್ತು, ನೀನು ಬದಲಿ ಬಟ್ಟೆ ತೆಗೆಯುವಾಗ ಸೇರಿರಬೇಕು. ನಾನು ನಿನ್ನನ್ನು ಏನೆಂದುಕೊಂಡೆ ಅಂತ ಅದರಲ್ಲಿದೆ. ಓದಿ ನನ್ನನ್ನು ಏನು ಬೇಕಾದರೂ ಅಂದುಕೋ, ಅದು ನಾಳೆಯ ಮಾತು. ಮೂಲ ಪುಟವೂ ಲಕೋಟೆಯಲ್ಲಿದೆ. ಅದಕ್ಕೆ ಕಿತ್ತಳೆ ರಸ ಬಿದ್ದಿರಲಿಲ್ಲ, ನೋಡು.

ನಿನ್ನ ಕಾಗದ ಮಧ್ಯಾಹ್ನವೇ ಬಂದಿತ್ತಂತೆ. ನಾನು ಗುಬ್ಬಿಯನ್ನು ಡಾಕ್ಟರಿಗೆ ತೋರಿಸಲು ಹೋಗಿದ್ದೆ, ಅತ್ತೆ ಅದನ್ನು ಗಡಿಯಾರದ ಹಿಂದೆ ಇಟ್ಟು ಮರೆತರು. ಒಡೆದಾಗ ಎಂಟಾಗಲು ಎರಡು ನಿಮಿಷ, ಓದಿ ಮುಗಿಸುವಷ್ಟರಲ್ಲಿ ಎಂಟು ದಾಟಿತ್ತು. ಡಯಲ್ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಒಂಬತ್ತು ಸಲ ಮಾಡಿದೆ. ದಿಂಬಿನ ಕೆಳಗೆ ನನ್ನ ಫೋನೂ ಉಸಿರುಗಟ್ಟಿದೆ. ಸ್ಕೂಲಿನ ಫೋನ್ ಖಾಲಿ ಕಟ್ಟಡದಲ್ಲಿ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ. ಇವರು ನಾಳೆ ಸಂಜೆವರೆಗೂ ಗಾಡಿಯ ಮೇಲೆ.

ಫೋನ್ ಇರುವುದು ಅತ್ತೆಯ ಕೋಣೆಯಲ್ಲಿ. ಒಂಬತ್ತನೇ ಸಲಕ್ಕೆ ಅವರು "ಯಾರು ಸತ್ತರೇ?" ಅಂದರು. ನಾನು ಹೇಳಿಬಿಟ್ಟೆ. ಮಗು ನನ್ನ ತೊಡೆಯಿಂದ ಜಾರಿ ನೀರಿಗೆ ಬಿದ್ದದ್ದು, ನಾನು ಏಳದೇ ಇದ್ದದ್ದು, ಆಮೇಲೆ ನಾನು ಮಾಡಿದ್ದು, ಎಲ್ಲಾ. ಬೈಗುಳಕ್ಕೆ ಬೆನ್ನೊಡ್ಡಿ ಕೂತೆ. ಅವರು ಎದ್ದು ಕೂತು, "ನಿನ್ನ ಗಂಡ ಮಂಚದಿಂದ ಬಿದ್ದು ಹಣೆ ಒಡಕೊಂಡಾಗ ನಾನೂ ಎದ್ದಿರಲಿಲ್ಲ. ಆ ಕಲೆ ಬಾಗಿಲು ಬಡಿದದ್ದು ಅಂತ ಎಲ್ಲರಿಗೂ ಹೇಳಿದೀನಿ" ಅಂದರು. ಆಮೇಲೆ, "ಆ ಪುಟ ಬರೆದದ್ದಕ್ಕೆ ಮಾತ್ರ ನಿನಗೆ ಕ್ಷಮೆ ಇಲ್ಲ. ಏಳು, ಕಾಗದ ಬರಿ, ಎಂಟೂಮುಕ್ಕಾಲಿನ ಬಸ್ಸಿದೆ" ಅಂದರು. ಈಗ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಾರೆ. ನಾನೇ ಬಸ್ ಹತ್ತುತ್ತೇನೆ ಅಂದೆ, ಆದರೆ ಗುಬ್ಬಿಗೆ ಸಂಜೆಯಿಂದ ಮತ್ತೆ ಮೈ ಬಿಸಿ, ಹಾಲು ಬಿಡಿಸಿಲ್ಲ. ಅವರು ಹೋಗುತ್ತಾರೆ. ಹನ್ನೆರಡೂವರೆಗೆ ನಿನ್ನೂರಿಗೆ ಬರುತ್ತಾರೆ. ಕಣ್ಣು ಮಂದ, ಮೊಣಕಾಲು ನೋವು, ನಿನ್ನೂರು ಅವರಿಗೆ ಗೊತ್ತೇ ಇಲ್ಲ. ವಿಳಾಸ ದೊಡ್ಡಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಮಂಜಿನಲ್ಲಿ ಬಸ್ಸು ತಡವಾದರೆ, ಬೀದಿ ತಪ್ಪಿದರೆ, ಅನ್ನುವುದನ್ನು ಯೋಚಿಸಲು ಧೈರ್ಯ ಸಾಲುತ್ತಿಲ್ಲ.

ಅವರು ಬಾಗಿಲು ಬಡಿದರೆ ತೆಗೆ. ಅವರನ್ನು ಒಳಗೆ ಕೂರಿಸು, ಬೆಚ್ಚಗೆ ಏನಾದರೂ ಕೊಡು. ಆಮೇಲೆ ಮನೆಯೊಡತಿಯನ್ನು ಎಬ್ಬಿಸಿ ಆ ದಿಂಬು ತೆಗೆಸು. ಕಾಗದ ಕೈಗೆ ಬಂತು, ಓದಿದೆ ಅಂತ ಅಷ್ಟು ಹೇಳು. ಬೈಯಬೇಕು ಅನಿಸಿದರೆ ಬೈಯಿ, ಬೈಯದೆ ಫೋನ್ ಇಟ್ಟರೂ ಆಯಿತು, ಇನ್ನು ಯಾವತ್ತೂ ಮಾತಾಡದಿದ್ದರೂ ಆಯಿತು. ನಾನು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಗುಬ್ಬಿಯನ್ನು ಹಾಕಿಕೊಂಡು ಕೂತಿರುತ್ತೇನೆ, ಫೋನು ಮೊಣಕಾಲಿಗೆ ತಾಗುವಷ್ಟು ಹತ್ತಿರ. ಒಂದು ಸಲ ಬಾರಿಸಿದರೆ ಸಾಕು. ಈ ಸಲ ನಾನು ಏಳುತ್ತೇನೆ. ಫೋನ್ ಮಾಡೇ, ಐದೂವರೆಯ ಬಸ್ಸು ಬರುವ ಮೊದಲು, ಬೆಳಗಾಗುವುದರೊಳಗೆ ಮಾಡು.